ಮನುಷ್ಯನನ್ನು ಕಾಯುವ ಹಲ್ಲಿ

ಹಲ್ಲಿಯ ವಿಷಯದಲ್ಲಿ ನನಗೆ ಮೋಸವಾಯಿತು ಎಂದರೆ ಯಾರಾದರೂ ನಗುತ್ತಾರೆ. ನಗಲಿ ಬಿಡಿ. ನಾನೂ ನಕ್ಕಿದ್ದೇನೆ, ಆದರೆ ನಕ್ಕು ಮುಗಿದ ಮೇಲೆ ಇವತ್ತಿಗೂ ಮೈ ಉರಿಯುತ್ತದೆ. ತಪ್ಪು ಹಲ್ಲಿಯದಲ್ಲ, ಪಾಪ. ಸ್ಕಾಟ್ಲೆಂಡಿನ ಒಂದು ಮೂಲೆಯ ಜನ ಅದಕ್ಕೆ ಇಟ್ಟ ಹೆಸರೊಂದಿದೆ. ಆ ಹೆಸರಿನ ಚರಿತ್ರೆ ಬರೆಯುತ್ತೇನೆಂದು ಹೊರಟವಳು ನಾನು. ನಡೆದದ್ದು ಸಿಯಾಟಲ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಎವರೆಟ್‌ನಲ್ಲಿ, ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿ.

ನಾನು ಮೈಸೂರಿನಲ್ಲಿ ಜಾನಪದ ಎಂ.ಎ. ಮಾಡಿ, ಪಿಎಚ್‌ಡಿಗೆ ಸೇರಿ, ಅರ್ಧಕ್ಕೆ ಬಿಟ್ಟು ಮದುವೆಯಾದವಳು. ನನ್ನ ವಿಷಯ ಹಲ್ಲಿ ಜಾತಿಯ ಪ್ರಾಣಿಗಳ ಹೆಸರುಗಳು. ಗೋಡೆಯ ಮೇಲಿನ ಹಲ್ಲಿ, ಬೇಲಿಯ ಮೇಲಿನ ಓತಿಕ್ಯಾತ, ಕಲ್ಲಿನ ಸಂದಿಯ ಹಾವುರಾಣಿ, ಒಂದೊಂದು ಊರಿನಲ್ಲಿ ಒಂದೊಂದು ಹೆಸರು, ಒಂದೊಂದು ನಂಬಿಕೆ. ಎರಡು ವರ್ಷ ರೆಕಾರ್ಡರ್ ಹಿಡಿದು ಊರೂರು ತಿರುಗಿದ್ದೆ. ನೆಂಟರಿಷ್ಟರು "ಹಲ್ಲಿ ಡಾಕ್ಟರ್" ಎಂದು ರೇಗಿಸುತ್ತಿದ್ದರು. ಮದುವೆ ಮಾತುಕತೆಯ ದಿನ ನಮ್ಮತ್ತೆ, "ಇನ್ಮೇಲೆ ಹಲ್ಲಿ ಬಿದ್ರೆ ಏನು ಫಲ ಅಂತ ಪಂಚಾಂಗ ನೋಡೋದೇ ಬೇಡ, ಸೊಸೆನೇ ಹೇಳ್ತಾಳೆ" ಎಂದಿದ್ದರು. ಎಲ್ಲರೂ ನಕ್ಕರು. ಓದನ್ನು ಅಲ್ಲಿಗೆ ಹೋಗಿ ಮುಂದುವರಿಸಿದರಾಯಿತು ಎಂದೂ ಎಲ್ಲರೂ ಹೇಳಿದರು.

ಅಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಓದಬಹುದು, ಆದರೆ ಸೀಟು ಸಿಗಬೇಕು. ಸೀಟು ಸಿಗಲು ನನ್ನ ಕೆಲಸವನ್ನು ಬಲ್ಲ ಯಾರಾದರೂ ಅಲ್ಲಿನವರು ಒಂದು ಮಾತು ಹೇಳಬೇಕು. ನನ್ನನ್ನು ಅಲ್ಲಿ ಯಾರಿಗೆ ಗೊತ್ತು? ಎರಡು ಸಲ ಅರ್ಜಿ ಹಾಕಿದೆ, ಎರಡು ಸಲವೂ ಬಹಳ ಮರ್ಯಾದೆಯಿಂದ ಬೇಡ ಎಂದರು. ಗಂಡ ಸಿಯಾಟಲ್ ನಗರದ ಸೌತ್ ಲೇಕ್ ಯೂನಿಯನ್‌ನ ಆಫೀಸಿಗೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತು ಅಳುತ್ತಿದ್ದೆ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಅಳು ಬಂದರೆ ಅಳಬೇಕು, ಇನ್ನೇನು ಮಾಡುತ್ತಾರೆ?

ಮನೆಯಿಂದ ಹೊರಗೆ ಬೀಳಬೇಕಲ್ಲ ಎಂದು ಲೈಬ್ರರಿಗೆ ಹೋಗತೊಡಗಿದೆ. ಅಲ್ಲಿ ವಾರಕ್ಕೊಮ್ಮೆ ಹೊರದೇಶದವರಿಗೆ ಇಂಗ್ಲಿಷ್ ಮಾತು ಕಲಿಸುವ ಒಂದು ಮೇಜು. ಉಕ್ರೇನಿನ ಇಬ್ಬರು ಹೆಂಗಸರು, ವಿಯೆಟ್ನಾಮಿನ ಒಬ್ಬ ಮುದುಕಿ, ಮೆಕ್ಸಿಕೋದ ದಂಪತಿ, ಮತ್ತು ಎಂ.ಎ. ಮಾಡಿದ ನಾನು. "ದಿಸ್ ಈಸ್ ಎ ಸ್ಪೂನ್" ಎಂದು ನಾನೂ ಹೇಳುತ್ತಿದ್ದೆ. ಮೇಜಿನ ತಲೆಯಲ್ಲಿ ಕೂರುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬರು. ಊರಿನ ದೊಡ್ಡ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗೆ ರಿವೆಟ್ ಮೊಳೆ ಹೊಡೆಯುವ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ಸತ್ತು ಒಬ್ಬರೇ ಇದ್ದರು. ನಾನು ಸ್ಕಾಟ್ಲೆಂಡಿನವನು ಎಂದು ಮೊದಲ ದಿನವೇ ಪರಿಚಯ ಹೇಳಿಕೊಂಡರು. ಮಾತಿನಲ್ಲಿ 'ರ'ಕಾರವನ್ನು ನಾಲಗೆಯ ಮೇಲೆ ಉರುಳಿಸುತ್ತಿದ್ದರು. ನಾನು ಮನಸ್ಸಿನಲ್ಲಿ ಅವರನ್ನು ಅಜ್ಜ ಎನ್ನುತ್ತಿದ್ದೆ, ಬಾಯಲ್ಲಿ ಸರ್ ಎನ್ನುತ್ತಿದ್ದೆ. ಸರ್ ಎಂದಾಗಲೆಲ್ಲ ಅವರಿಗೆ ನಗು.

ಒಂದು ದಿನ ಮೇಜಿನ ಮಾತು ಪ್ರಾಣಿಗಳತ್ತ ತಿರುಗಿತು. ನಾನು ಹಲ್ಲಿಯ ಚಿತ್ರ ಬರೆದು, ಇದರ ಮೇಲೆ ಓದುತ್ತಿದ್ದೆ ಎಂದೆ. ಉಕ್ರೇನಿನವರು ನಕ್ಕರು. ಅಜ್ಜ ನಗಲಿಲ್ಲ. "ನಮ್ಮೂರಲ್ಲಿ ಇದನ್ನ ಮ್ಯಾನ್‌ಕೀಪರ್ ಅಂತಾರೆ" ಎಂದರು. ಮನುಷ್ಯನನ್ನು ಕಾಯುವವನು. "ಹುಲ್ಲಿನ ಮೇಲೆ ಮನುಷ್ಯ ನಿದ್ದೆ ಹೋದಾಗ ಹಾವು ಬಂದ್ರೆ, ಈ ಹಲ್ಲಿ ಬಂದು ಎಬ್ಬಿಸ್ತದೆ. ಅದಕ್ಕೇ ಆ ಹೆಸರು."

ನನಗೆ ಮೈ ಜುಮ್ ಎಂದಿತು. ಎರಡು ವರ್ಷ ಊರೂರು ತಿರುಗಿದವಳಿಗೆ ಆ ಜುಮ್ ಗೊತ್ತಿರುತ್ತದೆ, ಎದುರಿಗೆ ಕುಳಿತವರ ಬಾಯಿಂದ ಒಂದು ಹೊಸ ಶಬ್ದ ಬಿದ್ದಾಗ ಆಗುವಂಥದ್ದು. ನಿಮ್ಮ ಮನೆಗೆ ಬಂದು ರೆಕಾರ್ಡ್ ಮಾಡಬಹುದೇ ಎಂದು ಅಲ್ಲೇ ಕೇಳಿದೆ. ಬಾ ಬಾ, ಮುಂದಿನ ಬುಧವಾರದಿಂದಲೇ ಬಾ ಎಂದರು.

ಸಂಜೆ ಗಂಡನಿಗೆ ಹೇಳಿದೆ. ನನ್ನ ಗಂಡ ಕಡಿಮೆ ಮಾತಿನ ಮನುಷ್ಯ. ಅಡುಗೆ ಉಪ್ಪಾದರೂ ಸಪ್ಪೆಯಾದರೂ ಒಂದೇ ಮುಖದಲ್ಲಿ ಉಣ್ಣುವವರು. "ಒಬ್ಬರೇ ಇರೋರ ಮನೆಗಾ?" ಎಂದರು. ಎಪ್ಪತ್ತು ದಾಟಿದೆ ಕಣ್ರೀ, ಎಂದೆ. ಎರಡು ದಿನ ಬಿಟ್ಟು, "ಹೋಗು, ಏನೂ ತೊಂದರೆಯಿಲ್ಲ" ಎಂದು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡುವುದು ಹೇಗೆಂದು ತೋರಿಸಿಕೊಟ್ಟರು.

ಅಜ್ಜನ ಮನೆ ನಮ್ಮಿಂದ ನಾಲ್ಕು ಬೀದಿ ಆಚೆ. ಮಾಡಿನ ತುಂಬ ಪಾಚಿ. ಹಿತ್ತಿಲಲ್ಲಿ ಸೌದೆ ಒಟ್ಟಿದ್ದರು, ಬಿಸಿಲು ಬಿದ್ದ ದಿನ ಆ ಸೌದೆಯ ಮೇಲೆ ಕಂದು ಬಣ್ಣದ ಒಂದು ಹಲ್ಲಿ ಬಂದು ಕೂರುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟು ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಅಜ್ಜಿಯ ಮನೆಯ ಕಲ್ಲಿನ ಗೋಡೆ, ಕುರಿಗಳು, ಹುಲ್ಲು ಕೊಯ್ಯುವಾಗ ಹಲ್ಲಿ ಕಂಡರೆ ಕುಡುಗೋಲು ಪಕ್ಕಕ್ಕೆ ಸರಿಸುತ್ತಿದ್ದ ಅಜ್ಜಿ. ನಾನು ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಹೋಗುತ್ತಿದ್ದೆ. ಎರಡು ಗಂಟೆ ಮುಗಿಯುವಷ್ಟರಲ್ಲಿ ಡಬ್ಬಿ ಖಾಲಿ. ಬುಧವಾರ ಬಂತೆಂದರೆ ನಾನು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಒಳ್ಳೆಯ ಕುರ್ತಾ ಹಾಕಿಕೊಂಡು ತಯಾರು. ಅಳುವುದು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಉಳಿದ ದಿನ ಲೈಬ್ರರಿಯಲ್ಲಿ ಹಳೆಯ ನಿಘಂಟುಗಳು. ಸ್ಕಾಟ್ಸ್ ನುಡಿಯಲ್ಲಿ ಹಲ್ಲಿಗೂ, ನೀರಿನಲ್ಲಿರುವ ಅದರಂಥದೇ ಪ್ರಾಣಿಗೂ ಆಸ್ಕ್ ಎಂಬ ಹಳೆಯ ಹೆಸರಿತ್ತು. ಜರ್ಮನ್ನರು ಹಲ್ಲಿಗೆ ಹೇಳುವ ಹೆಸರು ಅದರ ದಾಯಾದಿ. ಮ್ಯಾನ್‌ಕೀಪರ್ ಎಂಬುದು ತೆಂಕಣ ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಅದೇ ಪ್ರಾಣಿಗೆ ಅಕ್ಕರೆಯಿಂದ ಇಟ್ಟ ಇನ್ನೊಂದು ಹೆಸರು. ಅಜ್ಜ ಹೇಳಿದ ನಂಬಿಕೆಯೇ ಅಲ್ಲಿಯೂ ಇತ್ತು, ಅಕ್ಷರಕ್ಕೆ ಅಕ್ಷರ. ನನಗೆ ಸಂತೋಷವೋ ಸಂತೋಷ.

ಆದರೆ ಅಲ್ಲೇ ಒಂದು ತೊಡಕು ಸಿಕ್ಕಿತು. ಸ್ಕಾಟ್ಲೆಂಡಿನಿಂದ ಕಿರಿದಾದ ಸಮುದ್ರ ದಾಟಿ ಉತ್ತರ ಐರ್ಲೆಂಡಿಗೆ ಹೋಗಿ ನೆಲೆಸಿದ ಜನ ಆ ಹೆಸರನ್ನೂ ಜೊತೆಗೆ ಒಯ್ದಿದ್ದರು. ಅಲ್ಲಿ ಹೆಸರು ಅದೇ, ನಂಬಿಕೆ ಪೂರ್ತಿ ತಿರುಗಾಮುರುಗಾ. ಹುಲ್ಲಿನ ಮೇಲೆ ಬಾಯಿ ತೆರೆದು ನಿದ್ದೆ ಹೋದವನ ಗಂಟಲೊಳಗೆ ಅದು ಇಳಿದುಬಿಡುತ್ತದಂತೆ. ಹೊಟ್ಟೆಯಲ್ಲಿ ಕುಳಿತು ಅವನು ತಿಂದದ್ದನ್ನೆಲ್ಲ ತಿನ್ನುತ್ತದಂತೆ. ಎಷ್ಟು ಉಂಡರೂ ಅವನು ಸೊರಗುತ್ತಲೇ ಹೋಗುತ್ತಾನೆ. ಅದಕ್ಕೆ ಮದ್ದೆಂದರೆ, ಅವನಿಗೆ ಉಪ್ಪು ಹಾಕಿದ ಮಾಂಸ ತಿನ್ನಿಸಿ, ನೀರು ಕೊಡದೆ, ಹೊಳೆಯ ದಡದಲ್ಲಿ ಬಾಯಿ ತೆರೆಸಿ ಮಲಗಿಸಬೇಕು. ಬಾಯಾರಿದ ಪ್ರಾಣಿ ನೀರಿನ ಸದ್ದು ಕೇಳಿ ಹೊರಗೆ ಬರುತ್ತದೆ. ಒಂದೇ ಹೆಸರು, ಇತ್ತ ದಡದಲ್ಲಿ ಕಾವಲುಗಾರ, ಅತ್ತ ದಡದಲ್ಲಿ ಹೊಟ್ಟೆಯೊಳಗಿನ ಕಳ್ಳ. ಇದು ಹೇಗಾಯಿತು, ಎಲ್ಲಿ ಆಯಿತು ಎಂದು ನಾನು ನೋಡಿದ ಯಾವ ಪುಸ್ತಕವೂ ಹೇಳಿರಲಿಲ್ಲ.

ಇದನ್ನು ಮುಂದಿನ ಬುಧವಾರ ಅಜ್ಜನಿಗೆ ಹೇಳಿದೆ. ಕೈ ಬಾಯಿ ತಿರುಗಿಸಿ, ಉಪ್ಪು ಮಾಂಸ, ಹೊಳೆ ದಡ, ಎಲ್ಲ ಬಿಡಿಸಿ ಹೇಳಿದೆ. ಅವರು ಕೋಡುಬಳೆ ಮುರಿಯುತ್ತಾ ಕೇಳಿಸಿಕೊಂಡರು. ಮೂರು ವಾರ ಕಳೆದು, ಸೌದೆ ಒಡೆದು ಒಳಗೆ ಬಂದವರು, "ಒಂದು ನೆನಪಾಯ್ತು" ಎಂದರು. ಅಜ್ಜಿಯ ಗಂಡ ಐರ್ಲೆಂಡಿನಿಂದ ದುಡಿಯಲು ಬಂದು ನೆಲೆಸಿದವನಂತೆ. ಹಲ್ಲಿ ಕಂಡರೆ ಅಜ್ಜಿ ದಾರಿ ಬಿಡುತ್ತಿದ್ದಳಂತೆ. ಅವಳ ಗಂಡ ಮಾತ್ರ ಹುಲ್ಲಿನ ಮೇಲೆ ಮಲಗುವಾಗ ಟೋಪಿಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದನಂತೆ. ಇದೇ ವಿಷಯಕ್ಕೆ ಗಂಡ ಹೆಂಡತಿಗೆ ದಿನಾ ಜಗಳವಂತೆ. "ಅಜ್ಜಿ ಹೇಳೋಳು, ಕಾಯೋಕೆ ಬಂದವನಿಗೇ ಬಾಗಿಲು ಹಾಕ್ತೀಯಲ್ಲೋ ಅಂತ."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಎರಡು ನಂಬಿಕೆಗಳೂ ಒಂದೇ ಮನೆಯ ಸೂರಿನಡಿ, ಒಂದೇ ಹಾಸಿಗೆಯಲ್ಲಿ! ನಾನು ಹುಡುಕುತ್ತಿದ್ದ ಸೇತುವೆ ಎವರೆಟ್‌ನ ಒಂದು ಅಡುಗೆಮನೆಯಲ್ಲಿ ಸಿಕ್ಕಿಬಿಟ್ಟಿತ್ತು.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಸಿಯಾಟಲ್‌ನಲ್ಲಿ ಶಬ್ದಗಳ ಚರಿತ್ರೆಯಲ್ಲಿ ಆಸಕ್ತಿ ಇರುವವರದೊಂದು ಸಣ್ಣ ಕೂಟ, ವರ್ಷಕ್ಕೊಂದು ದಿನ ಸೇರುತ್ತಾರೆ ಎಂದು ಲೈಬ್ರರಿಯವರು ಹೇಳಿದರು. ಒಂದು ಪುಟ ಬರೆದು ಕಳಿಸಿದೆ. ಒಪ್ಪಿದರು. ಅಷ್ಟೇ ಅಲ್ಲ, ಆ ಕೂಟ ನಡೆಸುವ ಒಬ್ಬ ಪ್ರೊಫೆಸರ್, ಬೆಳ್ಳಗೆ ಕೂದಲು ಬಿಟ್ಟ ಹೆಂಗಸು, ನನಗೆ ಫೋನ್ ಮಾಡಿದರು. ಹುಟ್ಟೂರಿನ ಬಾಯಿಮಾತಿನ ಇಂಥ ಸಾಕ್ಷಿ ತಾವು ಎಲ್ಲೂ ಕಂಡಿಲ್ಲ, ಭಾಷಣ ಕೇಳಿದ ಮೇಲೆ ನನ್ನ ಅರ್ಜಿಗೆ ತಾವೇ ಪತ್ರ ಬರೆದುಕೊಡುವುದು ಖಂಡಿತ, ಮುಂದಿನ ವರ್ಷಕ್ಕೆ ತಮ್ಮ ಕೈಕೆಳಗೇ ಓದಬಹುದು ಎಂದರು. ಫೋನ್ ಇಟ್ಟ ಮೇಲೆ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಅಮ್ಮನಿಗೆ ಕಾಲ್ ಮಾಡಿದೆ. ಅಮ್ಮ, "ಅಂತೂ ಹಲ್ಲಿ ಕೈ ಹಿಡೀತಲ್ಲೇ" ಎಂದರು.

ಎರಡು ವಾರ ಮನೆಯಲ್ಲಿ ಅದೇ ಗಲಾಟೆ. ನಾನು ಅಡುಗೆಮನೆಯಲ್ಲಿ ನಿಂತು ಭಾಷಣ ಹೇಳುವುದು, ಗಂಡ ಸೋಫಾದಲ್ಲಿ ಕುಳಿತು ಮೊಬೈಲಿನಲ್ಲಿ ಸಮಯ ನೋಡುವುದು. ಸ್ಲೈಡುಗಳನ್ನು ಮಾಡಿಕೊಟ್ಟವರೂ ಅವರೇ. "ಇನ್ನೊಂದ್ಸಲ ಹೇಳು, ಎರಡು ನಿಮಿಷ ಜಾಸ್ತಿ ಆಯ್ತು" ಎನ್ನುತ್ತಿದ್ದರು. ಆ ಎರಡು ವಾರ ನನ್ನ ಗಂಡನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತ್ತು ಎಂದರೆ, ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೂಟದ ದಿನ ಶನಿವಾರ. ಗಂಡ ನನ್ನನ್ನು ಇಳಿಸಿ, ಆಫೀಸಿನಲ್ಲಿ ಏನೋ ಅರ್ಜೆಂಟು ಎಂದು ಹೋದರು. ಸಭೆಯಲ್ಲಿ ನಲವತ್ತು ಜನ ಇದ್ದಿರಬಹುದು. ನಾನು ಮೈಸೂರು ರೇಷ್ಮೆ ಉಟ್ಟಿದ್ದೆ. ಅಜ್ಜನೂ ಬಂದಿದ್ದರು, ಟೈ ಕಟ್ಟಿಕೊಂಡು. ಅವರನ್ನು ಕಾರಿನಲ್ಲಿ ಕರೆತಂದ ಮಗಳು ಪಕ್ಕದಲ್ಲಿ, ನನಗಿಂತ ಹದಿನೈದು ವರ್ಷ ದೊಡ್ಡವಳಿರಬೇಕು, ನಾನು ಮೊದಲ ಸಲ ನೋಡಿದ್ದು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಚೆನ್ನಾಗಿ ಮಾತಾಡಿದೆ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಟೋಪಿಯ ಕಥೆಗೆ ಜನ ನಕ್ಕರು. ಕೊನೆಯಲ್ಲಿ ಈ ಮಾಹಿತಿ ಕೊಟ್ಟವರು ಇಲ್ಲೇ ಇದ್ದಾರೆ ಎಂದು ತೋರಿಸಿದಾಗ ಚಪ್ಪಾಳೆ. ಅಜ್ಜ ಎದ್ದು ನಿಲ್ಲಲಿಲ್ಲ, ಕೈ ಮಾತ್ರ ಸ್ವಲ್ಪ ಎತ್ತಿದರು.

ಆಮೇಲೆ ಕಾಫಿ. ಪ್ರೊಫೆಸರ್ ನನ್ನ ಭುಜ ಹಿಡಿದುಕೊಂಡೇ ಅಜ್ಜನ ಮಗಳ ಹತ್ತಿರ ಕರೆದುಕೊಂಡು ಹೋದರು. ನಿಮ್ಮ ತಂದೆ ಸ್ಕಾಟ್ಲೆಂಡಿನ ಯಾವ ಹಳ್ಳಿಯವರು, ನಿಮ್ಮ ಮುತ್ತಜ್ಜಿಯ ಊರನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ಆಕೆ ಬಾಯಿ ತುಂಬ ನಕ್ಕಳು. "ಅಪ್ಪನಾ? ಅಪ್ಪ ಸ್ಕಾಟ್ಲೆಂಡ್ ಕಣ್ಣಿಂದ ಕೂಡ ನೋಡಿಲ್ಲ. ಹುಟ್ಟಿ ಬೆಳೆದದ್ದು ಯಾಕಿಮಾದಲ್ಲಿ, ಸೇಬಿನ ತೋಟದ ಮನೆ. ಅವರಜ್ಜಿ ನಾರ್ವೆಯವಳು. ಅಪ್ಪ ಕಥೆ ಹೇಳೋದ್ರಲ್ಲಿ ಮಹಾ ಜೋರು, ಇವತ್ತಿನದು ಮಾತ್ರ ನಾನೂ ಕೇಳಿರ್ಲಿಲ್ಲ."

ಯಾಕಿಮಾ ಎಂದರೆ ಬೆಟ್ಟದ ಆಚೆ, ಇದೇ ರಾಜ್ಯದಲ್ಲಿ, ಕಾರಿನಲ್ಲಿ ಮೂರು ಗಂಟೆ.

ಪ್ರೊಫೆಸರ್ ನನ್ನ ಭುಜದ ಮೇಲಿನ ಕೈ ತೆಗೆದರು. ಕಾಫಿ ತಣ್ಣಗಾಯಿತು ಎಂದು ಏನೋ ಹೇಳಿ ಆ ಕಡೆ ಹೋದರು. ನಾನು ಅಜ್ಜನನ್ನು ಹುಡುಕಿದೆ, ಕೋಟು ಹಾಕಿಕೊಂಡು ಬಾಗಿಲ ಹತ್ತಿರ ಆಗಲೇ ನಿಂತಿದ್ದರು. ಗೋಡೆ ನೋಡುತ್ತಿದ್ದರು. ನನಗೆ ಆ ರೇಷ್ಮೆ ಸೀರೆ ಯಾಕಾದರೂ ಉಟ್ಟೆನೋ ಅನ್ನಿಸಿತು. ಎರಡು ದಿನ ಬಿಟ್ಟು ಪ್ರೊಫೆಸರ್ ಅವರ ಮೇಲ್ ಬಂತು. ಶ್ರಮ ಮೆಚ್ಚುವಂಥದ್ದು, ಆದರೆ ಈ ಸ್ಥಿತಿಯಲ್ಲಿ ತಾವು ಪತ್ರ ಬರೆಯುವುದು ಕಷ್ಟ ಎಂದಿದ್ದರು. ಮೂರನೇ ಸಲವೂ ಬಹಳ ಮರ್ಯಾದೆಯಿಂದ.

ಮೈಸೂರು ಕಡೆಯವನಿಗೂ ಧಾರವಾಡದವನಿಗೂ ಕುಂದಾಪುರದವನಿಗೂ ಇರುವ ವ್ಯತ್ಯಾಸವನ್ನು ಮೂರು ಶಬ್ದ ಕೇಳಿದರೆ ಹೇಳುವವಳು ನಾನು. ಆ ಮುದುಕ ನಾಲಗೆ ಉರುಳಿಸಿ ಆಡುತ್ತಿದ್ದ ನಾಟಕ ನನಗೆ ತಿಳಿಯಲಿಲ್ಲ. ಆ ಮೇಜಿನಲ್ಲಿ ಇನ್ನಾರಿಗೆ ತಿಳಿಯಬೇಕಿತ್ತು, ಉಕ್ರೇನಿನವರಿಗೋ? ಅದಕ್ಕೇ ಅವನು ಆ ಮೇಜನ್ನೇ ಆರಿಸಿಕೊಂಡಿದ್ದ. ಒಬ್ಬ ಅಮೆರಿಕದವನು ಅಲ್ಲಿ ಕುಳಿತಿದ್ದರೆ ಮೊದಲ ದಿನವೇ ಬಣ್ಣ ಬಯಲಾಗುತ್ತಿತ್ತು. ನಮ್ಮಂಥ ಪರದೇಶಿಗಳ ಕಿವಿಗೆ ಹೂವಿಡುವುದು ಸುಲಭ.

ಬುಧವಾರ ಹೋದೆ. ಡಬ್ಬಿ ಒಯ್ಯಲಿಲ್ಲ. ಕೂರು ಎಂದ, ಕೂರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಈ ಸಲ ನಾಲಗೆ ಉರುಳಲಿಲ್ಲ, ಅಕ್ಕಪಕ್ಕದ ಮನೆಯವರ ಹಾಗೇ ಮಾತಾಡಿದ.

"ಆ ಶಬ್ದ ಸುಳ್ಳಲ್ಲ" ಎಂದ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇವನ ಎದುರಿಗೆ ನಿಂತು ಕೆಲಸ ಮಾಡಿದವನೊಬ್ಬ ನಿಜವಾಗಿಯೂ ತೆಂಕಣ ಸ್ಕಾಟ್ಲೆಂಡಿನವನಂತೆ. ರಿವೆಟ್ ಹೊಡೆಯುವಾಗ ರೆಕ್ಕೆಯ ಈ ಕಡೆ ಒಬ್ಬ ಮೊಳೆ ಹೊಡೆಯುವ ಗನ್ ಹಿಡಿದರೆ, ಆ ಕಡೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಅವರಿಬ್ಬರೂ ಜೋಡಿ. ಊಟದ ಹೊತ್ತಿನಲ್ಲಿ ಹೊರಗೆ ಕಲ್ಲಿನ ಮೇಲೆ ಹಲ್ಲಿ ಕಂಡಾಗ ಅವನು ಆ ಹೆಸರು ಹೇಳಿದ್ದನಂತೆ, ಅಜ್ಜಿಯ ಕುಡುಗೋಲಿನ ಕಥೆಯನ್ನೂ. "ಅವನು ಸತ್ತು ಹೋದ. ಅವನು ಮಾತಾಡೋ ರೀತಿ ನನಗಿಷ್ಟ ಇತ್ತು. ಲೈಬ್ರರಿಯಲ್ಲಿ ಒಂದಿನ ಸುಮ್ನೆ ತಮಾಷೆಗೆ ಹಾಗೆ ಮಾತಾಡಿದೆ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ."

"ಮತ್ತೆ ಟೋಪಿ?" ಎಂದೆ.

ಅವನು ಕುರ್ಚಿ ಎಳೆದುಕೊಂಡು ತಾನೇ ಕೂತ. ಆಮೇಲೆ, "ನೀನು ಅದನ್ನ ಅಷ್ಟು ಆಸೆಯಿಂದ ಹುಡುಕ್ತಿದ್ದೆ. ನನ್ನ ಹತ್ರ ಹೇಳೋಕೆ ಇನ್ನೇನೂ ಉಳಿದಿರ್ಲಿಲ್ಲ. ಮುಗೀತು ಅಂದ್ರೆ ನೀನು ಬರೋದು ನಿಲ್ಲಿಸ್ತೀಯಲ್ಲ" ಎಂದ.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಅಯ್ಯೋ ಮಾರಾಯ, ನಿಜ ಹೇಳಿದ್ದರೆ ಅದೇ ಸಾಕಾಗಿತ್ತಲ್ಲ! ಸ್ಕಾಟ್ಲೆಂಡಿನ ಹುಲ್ಲುಗಾವಲಿನ ಒಂದು ಶಬ್ದ ಸಮುದ್ರ ದಾಟಿ, ವಿಮಾನದ ರೆಕ್ಕೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬಂದು, ಯಾಕಿಮಾದವನ ಬಾಯಲ್ಲಿ ಬದುಕಿ ಉಳಿದದ್ದು ಸಣ್ಣ ಸಂಗತಿಯೇ? ಅದನ್ನೇ ನಾನು ಆ ಸಭೆಯಲ್ಲಿ ಹೇಳುತ್ತಿದ್ದೆ, ತಲೆ ಎತ್ತಿ ಹೇಳುತ್ತಿದ್ದೆ. ಇದನ್ನೆಲ್ಲ ಅವನಿಗೆ ಹೇಳಲು ನನ್ನ ಇಂಗ್ಲಿಷ್ ಆವತ್ತು ಕೈಕೊಟ್ಟಿತು. "ಯು ಸ್ಪಾಯಿಲ್ಡ್ ಇಟ್" ಎಂದಷ್ಟೇ ಹೇಳಿ ಹೊರಟುಬಂದೆ.

ಮನೆಗೆ ಬಂದು ರೆಕಾರ್ಡಿಂಗುಗಳನ್ನೆಲ್ಲ ಮೊದಲಿನಿಂದ ಹಾಕಿ ಕೇಳಿದೆ. ಅಲ್ಲಿ ನನ್ನದೇ ದನಿ, ಉಪ್ಪು ಮಾಂಸದ ಕಥೆಯನ್ನು ಉತ್ಸಾಹದಿಂದ ಹೇಳುತ್ತಿದೆ. ಮೂರು ವಾರ ಬಿಟ್ಟು ಅವನ ದನಿ ಅದನ್ನೇ ಟೋಪಿ ತೊಡಿಸಿ ನನಗೆ ವಾಪಸ್ ಕೊಡುತ್ತಿದೆ. ಎದುರಿಗಿರುವವರು ಬಾಯಿ ಬಿಡುವ ಮುಂಚೆ ನಮಗೆ ಬೇಕಾದ್ದನ್ನು ನಾವೇ ಹೇಳಿಕೊಡಬಾರದು ಎಂಬುದು ಜಾನಪದ ಸಂಗ್ರಹದ ಮೊದಲ ಪಾಠ. ಅದನ್ನು ಮೈಸೂರಿನಲ್ಲಿ ನಾನೇ ಕಿರಿಯರಿಗೆ ಹೇಳಿಕೊಡುತ್ತಿದ್ದೆ. ಇಲ್ಲಿ, ಬಾಯಿ ತುಂಬ ಮಾತಾಡಲು ವಾರಕ್ಕೆ ಎರಡೇ ಗಂಟೆ ಸಿಗುತ್ತಿದ್ದವಳು, ಅವನು ಹೇಳುವುದನ್ನು ಕೇಳುವ ಬದಲು ಎಲ್ಲವನ್ನೂ ನಾನೇ ಸುರಿದುಬಿಟ್ಟಿದ್ದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಇಲ್ಲವೆನ್ನುವುದಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಲೇ ಇರಲಿಲ್ಲ. ನಾಲ್ಕು ಜನ ಸೇರಿದಲ್ಲಿ ತಮಾಷೆಗೆ ಹೇಳಿ ಮುಗಿಸುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ನಾನು ಊಟದ ಮೇಜಿನ ಮೇಲೆ, ಲೈಬ್ರರಿಯಲ್ಲಿ ಬರೆದುಕೊಂಡಿದ್ದ ಚೀಟಿಗಳನ್ನೆಲ್ಲ ಹರಡಿಕೊಂಡು ಹರಿಯುತ್ತಾ ಕೂತಿದ್ದೆ. ಗಂಡ ಕಾಫಿ ಮಾಡಿ ತಂದಿಟ್ಟರು. ಸಭೆಯ ದಿನ ಕಾರಿನಲ್ಲಿ ಅವರಿಗೆ ಹೇಳಿದ್ದು ಒಂದೇ ಮಾತು, ಅಜ್ಜ ಸ್ಕಾಟ್ಲೆಂಡಿನವರೇ ಅಲ್ಲವಂತೆ ಎಂದು. ಹೆಚ್ಚು ಹೇಳಲು ಬಾಯಿ ಬಂದಿರಲಿಲ್ಲ, ಅವರೂ ಕೇಳಿರಲಿಲ್ಲ. ಆವತ್ತು ನಾನು ಚೀಟಿ ಹರಿಯುತ್ತಾ ಮುದುಕನಿಗೆ ಬಾಯಿಗೆ ಬಂದಂತೆ ಉಗಿಯುತ್ತಿದ್ದೆ. ಅವನು ಇನ್ನೂ ಯಾರ್ಯಾರಿಗೆ ಟೋಪಿ ಹಾಕಿದ್ದಾನೋ, ಏನೇನು ಮಾಡಿದ್ದಾನೋ ಎಂದೆ.

"ಹಾಗೆಲ್ಲ ಅನ್ಬೇಡ ಕಣೇ. ಮನುಷ್ಯ ಕೆಟ್ಟವನಲ್ಲ" ಎಂದರು ಗಂಡ. "ಯಾಕಿಮಾದಲ್ಲಿ ಸ್ಕೂಲು, ಆಮೇಲೆ ಒಂದೇ ಫ್ಯಾಕ್ಟರಿ, ಒಂದೇ ಮನೆ. ಜೀವಮಾನದಲ್ಲಿ ಪೊಲೀಸರು ಹಾಕಿದ ಒಂದು ಸ್ಪೀಡಿಂಗ್ ಟಿಕೆಟ್ ಕೂಡ ಇಲ್ಲ."

ನನ್ನ ಕೈಯಲ್ಲಿದ್ದ ಚೀಟಿ ಅರ್ಧ ಹರಿದು ಹಾಗೇ ನಿಂತಿತು.

"ಟಿಕೆಟ್ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?" ಎಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. ಉಪ್ಪಾದರೂ ಸಪ್ಪೆಯಾದರೂ ಒಂದೇ ಆಗಿರುವ ಆ ಮುಖ ಮೊದಲ ಸಲ ಬೇರೆಯಾಯಿತು. "ಬ್ಯಾಕ್‌ಗ್ರೌಂಡ್ ಚೆಕ್ ಮಾಡ್ಸಿದ್ದೆ" ಎಂದರು. "ಒಬ್ಬರೇ ಇರೋರ ಮನೆ, ಗೊತ್ತಿಲ್ಲದ ಊರು. ಸುಮ್ನೆ ಹೇಗೆ ಕಳಿಸ್ಲಿ ನಿನ್ನ? ಆನ್‌ಲೈನಲ್ಲಿ ಮಾಡ್ತಾರೆ, ಹೆಸರು ವಿಳಾಸ ಕೊಟ್ರೆ ಆಯ್ತು. ಕೇಸು ಗೀಸು ಇದ್ಯಾ ಅಂತ ನೋಡೋಕೆ ಅಷ್ಟೇ."

"ಯಾವಾಗ?"

"ನೀನು ಮೊದಲನೇ ಸಲ ಹೋಗೋಕ್ ಮುಂಚೆ."

ಮೊದಲನೇ ಸಲಕ್ಕಿಂತ ಮುಂಚೆ! ನಾನು ಬುಧವಾರಗಳನ್ನು ಎಣಿಸಲು ಹೋಗಿ ಬಿಟ್ಟೆ, ಒಂದು ವರ್ಷದ ಮೇಲಾಗಿತ್ತು. "ಹುಟ್ಟಿದ್ದು ಎಲ್ಲಿ ಅಂತ ಅದರಲ್ಲಿ ಇತ್ತಾ?" ಎಂದು ಕೇಳಿದೆ.

"ಇತ್ತು. ಆವಾಗ ನಾನು ಅದನ್ನ ತಲೆಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ನೀನು ಸ್ಕಾಟ್ಲೆಂಡ್ ಸ್ಕಾಟ್ಲೆಂಡ್ ಅನ್ನೋಕೆ ಶುರು ಮಾಡಿದಾಗ..."

"ಶುರು ಮಾಡಿದಾಗ ಹೇಳೋಕೆ ಏನಾಗಿತ್ತು?"

"ಮನೆಗೆ ಬಂದ್ರೆ ನೀನು ಅಳ್ತಾ ಇರ್ತಿದ್ದೆ. ಬುಧವಾರ ಶುರುವಾದ ಮೇಲೆ ಅಳೋದು ನಿಲ್ಲಿಸಿದೆ" ಎಂದರು. ತಲೆ ತಗ್ಗಿಸಿಕೊಂಡೇ ಹೇಳಿದರು. "ನಂಗೆ ಅಷ್ಟು ಸಾಕಿತ್ತು ಕಣೇ. ಈ ಹಲ್ಲಿ ವಿಷಯ ಇಷ್ಟು ದೊಡ್ಡದಾಗತ್ತೆ ಅಂತ ನಾನೇನು ಕನಸು ಕಂಡಿದ್ನಾ? ಒಂದು ಹಾಬಿ ಅಂತ ಅಂದ್ಕೊಂಡಿದ್ದೆ."

ಹಾಬಿಯಂತೆ. ಎರಡು ಸಲ ನನ್ನ ಅರ್ಜಿ ವಾಪಸ್ ಬಂದದ್ದನ್ನು ಈ ಮನುಷ್ಯ ನೋಡಿದ್ದರು. ಪ್ರೊಫೆಸರ್ ಫೋನ್ ಮಾಡಿದ ದಿನ ನಾನು ಇವರ ಕುತ್ತಿಗೆಗೆ ಜೋತು ಬಿದ್ದಿದ್ದೆ. ಎರಡು ವಾರ ಸೋಫಾದಲ್ಲಿ ಕುಳಿತು, ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮಾಹಿತಿದಾರರು ಎಂಬ ನನ್ನ ವಾಕ್ಯವನ್ನು ಹತ್ತು ಸಲ ಕೇಳಿಸಿಕೊಂಡು, ಎರಡು ನಿಮಿಷ ಜಾಸ್ತಿ ಆಯಿತು ಎಂದಿದ್ದರು. ಆ ವಾಕ್ಯ ಸುಳ್ಳೆಂದು ಗೊತ್ತಿದ್ದೂ, ಅದು ಎಷ್ಟು ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು ನೋಡಿದ್ದರು! ನಾನು ನಲವತ್ತು ಜನರ ಮುಂದೆ ಹೋಗಿ ನಿಲ್ಲುವವರೆಗೂ ಬಾಯಿ ಬಿಡಲಿಲ್ಲ.

"ನಂಬಿಸಿ ಕತ್ತು ಕುಯ್ದೆಯಲ್ಲೋ" ಎಂದೆ. ಮದುವೆಯಾದಾಗಿನಿಂದ ರೀ ಬಿಟ್ಟು ಇನ್ನೊಂದು ಮಾತಿನಲ್ಲಿ ಅವರನ್ನು ಕರೆದವಳಲ್ಲ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರು ಒಂದು ಮಾತೂ ತಿರುಗಿ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ಕೂಗಾಡಿ ಮುಗಿಸಬಹುದಿತ್ತು. ಮೇಜಿನ ಮೇಲೆ ನಾನು ಹರಿದ ಚೀಟಿಗಳನ್ನು ಒಂದೊಂದಾಗಿ ಕೂಡಿಸಿ ಜೋಡಿಸತೊಡಗಿದರು. ಬಿಡಿ, ಮುಟ್ಟಬೇಡಿ ಎಂದೆ.

ಆಮೇಲಿನದು ಹೇಳುವಂಥದ್ದೇನೂ ಇಲ್ಲ. ನನಗೆ ಸೀಟು ಸಿಗಲಿಲ್ಲ, ಮತ್ತೆ ಅರ್ಜಿ ಹಾಕುವ ಧೈರ್ಯವೂ ಬರಲಿಲ್ಲ. ಮ್ಯಾನ್‌ಕೀಪರ್ ಎಂಬ ಹೆಸರು ಎಲ್ಲಿ, ಹೇಗೆ ತಿರುಗಿಬಿತ್ತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ನಿಘಂಟುಗಳಲ್ಲಿ ಎರಡು ನಂಬಿಕೆಗಳೂ ಅಕ್ಕಪಕ್ಕದಲ್ಲಿ ಕುಳಿತಿವೆ, ಅಷ್ಟೇ. ಗಂಡನ ಕಂಪನಿ ಬದಲಾಯಿತು, ನಾವು ರೆಡ್ಮಂಡ್ ಕಡೆ ಮನೆ ಮಾಡಿದೆವು. ಸುಮಾರು ಒಂದು ವರ್ಷದ ಮೇಲೆ, 'ಮುದುಕನಿಗೆ ಕಾಲು ಮುರಿದಿದೆ' ಎಂದು ಲೈಬ್ರರಿಯವರಿಂದ ತಿಳಿದು, ಎರಡು ಬಸ್ಸು ಬದಲಾಯಿಸಿ ನೋಡಲು ಹೋದೆ. ಅವನ ಜೋಡಿಗಾರನ ಹೆಸರು, ಊರು, ಅವನು ಆ ಶಬ್ದವನ್ನು ಹೇಳುತ್ತಿದ್ದ ರೀತಿ, ಗೊತ್ತಿದ್ದಷ್ಟನ್ನು ಹೇಳಿದ. ನಾನು ಏನನ್ನೂ ಹೇಳಿಕೊಡದೆ ಬರೆದುಕೊಂಡೆ.

ಗಂಡ ಆ ಮೇಲೆ ನೂರು ಸಲ ಸಾರಿ ಹೇಳಿದ್ದಾರೆ. ಒಳ್ಳೆಯ ಮನುಷ್ಯ ಎಂದು ಎರಡೂ ಮನೆಯವರು ಹೇಳುತ್ತಾರೆ, ನಾನೂ ಅಲ್ಲವೆನ್ನುವುದಿಲ್ಲ. ಆದರೆ ಈಗಲೂ ಅವರು "ಏನೂ ತೊಂದರೆಯಿಲ್ಲ" ಎಂದರೆ ನಾನು ಇನ್ನೊಬ್ಬರನ್ನು ಕೇಳುತ್ತೇನೆ. ಆಮೇಲೆ ಹುಟ್ಟಿದ ಮಗಳ ಜ್ವರವಾಗಲಿ, ಕಾರಿನ ಸದ್ದಾಗಲಿ, ಅವರ ತಾಯಿಯ ಆಪರೇಷನ್ ಆಗಲಿ, ಅವರ ಎದುರಿಗೇ ಫೋನ್ ತೆಗೆದು ಬೇರೆಯವರನ್ನು ವಿಚಾರಿಸುತ್ತೇನೆ, ಅವರು ನೋಡುತ್ತಾ ಕೂತಿರುತ್ತಾರೆ. ಮುದುಕನನ್ನು ಕ್ಷಮಿಸಿದ್ದೇನೆ. ಗಂಡನ ಜೊತೆ ಸಂಸಾರ ಮಾಡುತ್ತಿದ್ದೇನೆ.